ಠಾಣೆಯಲ್ಲಿ ಬಿಟ್ಟು ಬಂದ ಕೋವಿ

ಆಸ್ಟ್ರೇಲಿಯಾಕ್ಕೆ ಹೋಗಿ ಬಂದೆ ಎಂದರೆ ಸಾಕು, ಕಾಂಗರೂ ನೋಡಿದಿರಾ ಎಂದು ಕೇಳುತ್ತಾರೆ. ನೋಡಿದೆ, ರಸ್ತೆ ಬದಿಯಲ್ಲಿ ಸತ್ತು ಬಿದ್ದಿತ್ತು. ಅದನ್ನು ಬಿಟ್ಟರೆ ಆ ಒಂದು ತಿಂಗಳಲ್ಲಿ ನಾನು ಕಣ್ಣಿಟ್ಟು ನೋಡಿದ್ದು ಒಂದು ಬೀದಿ, ಒಂದು ಬಚ್ಚಲುಮನೆ ಮತ್ತು ನನ್ನ ಕೈಯಲ್ಲಿದ್ದ ಮೊಬೈಲು. ಸಮುದ್ರ ಮುಕ್ಕಾಲು ಗಂಟೆಯ ದಾರಿಯಲ್ಲಿತ್ತು. ಹೋಗಲಿಲ್ಲ. ಯಾಕೆ ಹೋಗಲಿಲ್ಲ ಎಂಬುದೇ ನನ್ನ ಪ್ರವಾಸದ ಕಥೆ.

ಮಳವಳ್ಳಿ ಸೀಮೆ, ಹೊರಡುವ ಮುಂಚೆ

ನಾನು ಪೊಲೀಸ್ ಇಲಾಖೆಯಲ್ಲಿ ಹೆಡ್ ಕಾನ್‌ಸ್ಟೇಬಲ್. ಮಳವಳ್ಳಿ ಸೀಮೆಯ ಒಂದು ಠಾಣೆಯಲ್ಲಿ ರೈಟರ್. ಅಂದರೆ ಠಾಣೆಯ ಪುಸ್ತಕ, ಕಾಗದಪತ್ರ, ಬೀಗದ ಕೈ ಎಲ್ಲ ನನ್ನ ವಶ. ನಮ್ಮದು ಕಾಡಿನ ಅಂಚು. ಹಂದಿ ಕಾಟ, ಆನೆ ಕಾಟ. ಹಾಗಾಗಿ ಬೆಳೆ ಕಾಯಲು ಲೈಸೆನ್ಸ್ ಪಡೆದ ಬಂದೂಕುಗಳು ಹಳ್ಳಿಗಳಲ್ಲಿ ಅಲ್ಲೊಂದು ಇಲ್ಲೊಂದು ಇವೆ. ಚುನಾವಣೆ ಬಂತೆಂದರೆ ಅವೆಲ್ಲವನ್ನೂ ತಂದು ಠಾಣೆಗೆ ಒಪ್ಪಿಸಬೇಕು. ನಾನು ಹೆಸರು ಬರೆದ ಚೀಟಿ ಕಟ್ಟಿ, ರಸೀದಿ ಕೊಟ್ಟು, ಕೋಣೆಯಲ್ಲಿ ಸಾಲಾಗಿ ನಿಲ್ಲಿಸುತ್ತೇನೆ. ಫಲಿತಾಂಶ ಬಂದು ವಾರವಾದ ಮೇಲೆ ವಾರಸುದಾರರು ಬಂದು ತೆಗೆದುಕೊಂಡು ಹೋಗುತ್ತಾರೆ. ಗೋಣಿಚೀಲದಲ್ಲಿ, ಹಳೆಯ ಪಂಚೆಯಲ್ಲಿ ಸುತ್ತಿ ತರುತ್ತಾರೆ. ಕೆಂಪರಾಜು ಎಂಬುವನು ಮಾತ್ರ ಹೆಂಡತಿಯ ಸೀರೆಯಲ್ಲಿ ಸುತ್ತಿ ತಂದಿದ್ದ.

ಆ ಸಲ ಫಲಿತಾಂಶ ಬಂದ ಎರಡು ದಿನಕ್ಕೆ ಅವನ ಹೆಂಡತಿ ಚಿಕ್ಕತಾಯಮ್ಮ ಸಂತೆಯ ಚೀಲ ಹಿಡಿದುಕೊಂಡು ಠಾಣೆಗೆ ಬಂದಳು. ಬೆಂಚಿನ ತುದಿಯಲ್ಲಿ ಕೂತು, ಜನ ಖಾಲಿಯಾಗುವವರೆಗೂ ಕಾದಳು.

"ಕೋವಿ ಇನ್ನೆಷ್ಟು ದಿನ ಇಲ್ಲೇ ಇರ್ತದೆ ಕಣವ್ವಾ?"

ಗಂಡ ಅವಸರ ಮಾಡಿ ಕಳಿಸಿದ್ದಾನೆ ಅಂದುಕೊಂಡೆ. "ಎಲೆಕ್ಷನ್ ಮುಗೀತಲ್ಲಮ್ಮ, ಮುಂದಿನ ವಾರ ಬಂದು ತಗೊಂಡೋಗ್ಲಿ" ಎಂದೆ.

ಅವಳ ಮುಖ ಸಣ್ಣಗಾಯಿತು. "ಇನ್ನೊಂದು ಎಲೆಕ್ಸನ್ನು ಬಿರ್ರನೆ ಬರಾಕಿಲ್ವಾ?"

ಹೊಡೆಯುತ್ತಾನಾ ಎಂದು ಕೇಳಿದೆ. ನಮ್ಮ ಠಾಣೆಗಳಲ್ಲಿ ಹೆಂಗಸರನ್ನು ಕೇಳುವ ಮೊದಲ ಪ್ರಶ್ನೆ ಅದೇ.

"ಒಡಿಯಾಕಿಲ್ಲ ಕಣವ್ವಾ. ಒಡುದ್ರೆ ಊರೋರು ಕೇಳ್ತಾರಲ್ಲ. ಉಣ್ಣಾಕೆ ಕುಂತಾಗ ಕೋವೀನ ತೊಡೆ ಮ್ಯಾಲೆ ಮಡೀಕೊತಾನೆ. ಮುದ್ದೆ ಇಕ್ಕು ಅಂತಾನೆ. ನಾ ಬಗ್ಗಿ ಇಕ್ಕುವಾಗ ನಳಿಗೆ ನನ್ ಕಡೀಕೆ ತಿರುಗ್ಸಿರ್ತಾನೆ. ಅಷ್ಟೇಯ. ಇನ್ನೇನೂ ಮಾಡಾಕಿಲ್ಲ."

ದೂರು ಬರೆದುಕೊಡು ಎಂದೆ. ಮಗಳು ಮದುವೆಯಾಗಿ ಹೋಗಿದ್ದಾಳೆ, ಬೀಗರ ಕಿವಿಗೆ ಬಿದ್ದರೆ ಮಾನ ಹೋಗುತ್ತದೆ ಎಂದಳು. ಗಾಯವಿಲ್ಲ, ಸಾಕ್ಷಿಯಿಲ್ಲ, ದೂರಿಲ್ಲ. ಆದರೂ ನಾನೇ ಒಂದು ವರದಿ ಬರೆದು ಸಬ್ ಇನ್‌ಸ್ಪೆಕ್ಟರ್ ಸಾಹೇಬರ ಮೂಲಕ ಮಂಡ್ಯಕ್ಕೆ ಕಳಿಸಬಹುದಿತ್ತು, ಈ ಲೈಸೆನ್ಸು ಅಮಾನತ್ತಿನಲ್ಲಿಡಿ ಎಂದು. ಬರೆಯಲಿಲ್ಲ. ಬರೆದರೆ ನಾಳೆ ಅವಳು ಇಲ್ಲ ಅಂದುಬಿಟ್ಟರೆ ಕಟಕಟೆಯಲ್ಲಿ ನಿಲ್ಲುವವಳು ನಾನು. ಅದಕ್ಕೆ ಒಂದು ಸುಲಭದ ದಾರಿ ಹಿಡಿದೆ. ಕೆಂಪರಾಜು ಬಂದಾಗಲೆಲ್ಲ "ಮಂಡ್ಯದಿಂದ ಆದೇಶ ಬಂದಿಲ್ಲ" ಎಂದೆ. ಅಂಥ ಆದೇಶವೇ ಬೇಕಿರಲಿಲ್ಲ. ಎರಡು ತಿಂಗಳು ಹೀಗೇ ಸಾಗಿತು. ಚಿಕ್ಕತಾಯಮ್ಮ ಸಂತೆಯ ದಿನ ಠಾಣೆಯ ಮುಂದೆ ಹಾದುಹೋಗುವಾಗ ಒಳಗೆ ಇಣುಕಿ, ನನ್ನ ಮುಖ ನೋಡಿ, ಹೋಗುತ್ತಿದ್ದಳು. ಒಳ್ಳೆಯ ಕೆಲಸ ಮಾಡಿದೆ ಎಂದು ನನಗೆ ಒಳಗೊಳಗೇ ಜಂಬವಿತ್ತು.

ಸಿಂಗಪುರ

ನನ್ನ ತಂಗಿ ಸುಮ ಕ್ವೀನ್ಸ್‌ಲ್ಯಾಂಡಿನ ಒಂದು ಸಣ್ಣ ಊರಿನಲ್ಲಿ ನರ್ಸು. ಅವಳ ಗಂಡ ಗಿರೀಶ ಅಲ್ಲಿನ ಸಕ್ಕರೆ ಕಾರ್ಖಾನೆಯಲ್ಲಿ ರಸ ಪರೀಕ್ಷೆ ಮಾಡುವವನು. ಮಂಡ್ಯದ ಹುಡುಗ, ಎಲ್ಲಿ ಹೋದರೂ ಕಬ್ಬು ಬಿಡಲಿಲ್ಲ. ಸುಮಳಿಗೆ ಹೆರಿಗೆಯಾಗುವುದಿತ್ತು. ನಮ್ಮವ್ವ ಇಲ್ಲ. ಬಾಣಂತನಕ್ಕೆ ನಾನೇ ಹೊರಟೆ. ರಜೆ, ಇಲಾಖೆಯ ಅನುಮತಿ, ಪಾಸ್‌ಪೋರ್ಟು ಎಂದು ಓಡಾಡಿ, ಹೊರಡುವ ದಿನ ಮಧ್ಯಾಹ್ನ ಓಡೋಡಿ ನಂಜುಂಡನಿಗೆ ಚಾರ್ಜು ಒಪ್ಪಿಸಿ ಬಂದೆ. ನಂಜುಂಡ ನನಗಿಂತ ಚಿಕ್ಕವನು, ಬಲು ಚುರುಕು. ಯಾವ ಕೆಲಸವನ್ನೂ ನಾಳೆಗೆ ಇಡದವನು.

ಮೊದಲ ವಿಮಾನದಲ್ಲಿ ಬೆಲ್ಟು ಹಾಕಿಕೊಳ್ಳಲು ಬಾರದೆ ಪಕ್ಕದ ಅಜ್ಜನ ಬೆಲ್ಟಿಗೆ ನನ್ನದನ್ನು ಸಿಕ್ಕಿಸಿದೆ. ಇಬ್ಬರೂ ಒಂದಷ್ಟು ಹೊತ್ತು ಒಟ್ಟಿಗೇ ಎಳೆದಾಡಿದೆವು. ಅವರಿಗೆ ನಗು, ನನಗೆ ಬೆವರು. ಆಮೇಲೆ ಕಣ್ಣು ಮುಚ್ಚಿ, ಮನೆಯಲ್ಲಿ ಏನೇನು ಮರೆತೆ ಎಂದು ಎಣಿಸುತ್ತ ಕೂತೆ. ಲೇಹ್ಯ ಇಟ್ಟಿದ್ದೇನೆ. ಸಾಂಬ್ರಾಣಿ ಇಟ್ಟಿದ್ದೇನೆ. ಗ್ಯಾಸ್ ಆರಿಸಿದ್ದೇನೆ. ಚಾರ್ಜು ಪಟ್ಟಿ ಬರೆದುಕೊಟ್ಟಿದ್ದೇನೆ.

ತಟ್ಟನೆ ಕಣ್ಣು ಬಿಟ್ಟೆ. ಆ ಪಟ್ಟಿಯ ಕೊನೆಯಲ್ಲಿ ನನ್ನದೇ ಅಕ್ಷರದಲ್ಲಿ ಬರೆದಿದ್ದೆ: ಚುನಾವಣಾ ಠೇವಣಿ ಬಂದೂಕುಗಳ ಪೈಕಿ ಮೂರು, ವಾರಸುದಾರರಿಗೆ ಹಿಂತಿರುಗಿಸಲು ಬಾಕಿ. ಮೂರನೆಯದು ಕೆಂಪರಾಜುವಿನದು. ಎದುರಿಗೆ ಅವನ ಫೋನ್ ನಂಬರನ್ನೂ ಅಚ್ಚುಕಟ್ಟಾಗಿ ಬರೆದಿದ್ದೆ. ಯಾರೂ ಬರೆಸಿದ್ದಲ್ಲ. ಇಪ್ಪತ್ತಾರು ವರ್ಷ ಅದನ್ನೇ ಬರೆದು ರೂಢಿಯಾದ ಕೈ, ತನ್ನಷ್ಟಕ್ಕೆ ಬರೆದಿತ್ತು. ನಂಜುಂಡನಿಗೆ ಬಾಯಿಮಾತಿನಲ್ಲಿ ಹೇಳಿಯೂ ಇರಲಿಲ್ಲ. ಹೇಳಿದರೆ ಎರಡು ತಿಂಗಳ ಸುಳ್ಳನ್ನು ಒಪ್ಪಿಕೊಂಡಂತೆ.

ಸಿಂಗಪುರದಲ್ಲಿ ಇಳಿದಾಗ ನನ್ನ ಸಿಮ್ಮು ಸತ್ತಿತ್ತು. ನಿಲ್ದಾಣದ ವೈಫೈಗೆ ನಂಬರ್ ಕೊಟ್ಟೆ. ನಿಮ್ಮ ಫೋನಿಗೆ ಸಂಕೇತ ಬರುತ್ತದೆ, ಅದನ್ನು ತುಂಬಿ ಎಂದಿತು. ಬರಬೇಕಾದ ಸಿಮ್ಮೇ ಸತ್ತಿದೆಯಲ್ಲ ಎಂದು ಯಾರಿಗೆ ಹೇಳುವುದು? ನೆಲ ಒರೆಸುತ್ತಿದ್ದ ತಮಿಳು ಹೆಂಗಸೊಬ್ಬಳು ನನ್ನ ಅವಸ್ಥೆ ನೋಡಿ ತನ್ನ ಫೋನು ಕೊಟ್ಟಳು. ನನಗೆ ಬಾಯಿಪಾಠವಿದ್ದದ್ದು ಠಾಣೆಯ ನಂಬರೊಂದೇ. ಪಹರೆಯವನು ಎತ್ತಿದ. ನಂಜುಂಡ ಮದ್ದೂರಿಗೆ ಬಂದೋಬಸ್ತಿಗೆ ಹೋಗಿದ್ದಾನೆ, ಏನು ಹೇಳಲಿ ಎಂದು ಕೇಳಿದ. ಹೇಳಬೇಕಾದ ಮಾತು ನಾಲಿಗೆಯ ತುದಿಯಲ್ಲೇ ಇತ್ತು. ಪಹರೆಯವನಿಗೆ ಹೇಳಿದರೆ ಇಡೀ ಠಾಣೆಗೆ ಹೇಳಿದಂತೆ. "ಆಮೇಲೆ ನಾನೇ ಮಾಡ್ತೀನಿ" ಎಂದು ಇಟ್ಟುಬಿಟ್ಟೆ.

ಬ್ರಿಸ್ಬೇನ್, ಹುರುಳಿಕಾಳಿನ ತನಿಖೆ

ಬೇರೆಯವರ ಚೀಲ ಶೋಧಿಸಿಯೇ ಸಂಬಳ ತಿಂದ ನಾನು ಬ್ರಿಸ್ಬೇನಿನಲ್ಲಿ ನನ್ನ ಚೀಲ ತೆರೆದು ನಿಂತೆ. ಬಾಣಂತಿಗೆ ಸಾರು ಮಾಡಲೆಂದು ತಂದ ಹುರುಳಿಕಾಳನ್ನು ಅಧಿಕಾರಿಯೊಬ್ಬ ಕೈಗವಸು ಹಾಕಿಕೊಂಡು, ಬೆಳಕಿಗೆ ಹಿಡಿದು ಪರೀಕ್ಷೆ ಮಾಡಿದ. ಕಾಳು ಮೊಳೆತು ಅವರ ದೇಶಕ್ಕೆ ರೋಗ ತರಬಹುದಂತೆ. ಬಹಳ ಮರ್ಯಾದೆಯಿಂದ ಕಸದ ಡಬ್ಬಕ್ಕೆ ಹಾಕಿದ. ಒಂದು ಕಾಳು ಹುರುಳಿಗೆ ಇಷ್ಟು ಹೆದರುವ ದೇಶ ಎಂದು ಬೇರೆ ದಿನವಾಗಿದ್ದರೆ ನಕ್ಕಿರುತ್ತಿದ್ದೆ. ಅವತ್ತು ಗಡಿಯಾರ ನೋಡುತ್ತಿದ್ದೆ. ಊರಿನಲ್ಲಿ ಬೆಳಗಿನ ಹಾಜರಿ ಹೊತ್ತು, ನಂಜುಂಡ ಪಟ್ಟಿ ತೆರೆದಿರುತ್ತಾನೆ.

ಸುಮಳ ಮನೆ ಸೇರಿ ವೈಫೈ ಸಿಕ್ಕಿದ್ದು ಮರುದಿನ. ಮಗು ಆಗಲೇ ಹುಟ್ಟಿತ್ತು, ಹೆಣ್ಣು. ಮಗುವಿನ ಮುಖ ನೋಡುವ ಮೊದಲು ಫೋನು ಮಾಡಿದೆ. ಸುಮ ಇವತ್ತಿಗೂ ಅದನ್ನು ಆಡಿಕೊಳ್ಳುತ್ತಾಳೆ.

"ಭಾಗ್ಯಕ್ಕಾ! ಎಂಗದೆ ಫಾರಿನ್ನು?" ಎಂದ ನಂಜುಂಡ.

"ಆ ಕೆಂಪರಾಜು ಕೋವಿ..."

"ಕೊಟ್ಟಾಯ್ತು ಕಣಕ್ಕ. ನಿನ್ನೇನೆ. ನಾನೇ ಫೋನ್ ಮಾಡಿ ಕರ್ಸ್ದೆ. ಎರಡು ತಿಂಗ್ಳಿಂದ ಬಿದ್ದಿತ್ತಲ್ಲ, ನೀವು ಬರೋ ಒತ್ಗೆ ಎಲ್ಲ ಕ್ಲೀನಾಗಿರ್ಲಿ ಅಂತ. ಪಾಪ, ಅಂದಿ ಕಾಟ ಅಂತಿದ್ದ."

"ಏನಾದ್ರೂ ಕೇಳಿದ್ನಾ?"

"ಮೇಡಂ ಆದೇಸ ಬಂದಿಲ್ಲ ಅಂತಿದ್ರು, ಈಗ ಬಂತಾ ಅಂದ. ಯಾವ ಆದೇಸನೂ ಇಲ್ಲ, ಬರಂಗೂ ಇಲ್ಲ, ತಗಂಡೋಗು ಅಂದೆ. ಓ ಅಂಗಾ ಅಂತ ಸುಮ್ನೆ ನಕ್ಕಂಡು ಓದ."

ಕೂತುಬಿಟ್ಟೆ. ನಾನು ಸುಳ್ಳು ಹೇಳಿದ್ದು ಅವನಿಗೆ ಗೊತ್ತಾಗಿದೆ. ಯಾರ ಮಾತು ಕೇಳಿ ಹೇಳಿದೆ ಎಂದು ಅವನು ಊರೆಲ್ಲ ಹುಡುಕಬೇಕಿಲ್ಲ. ಅವನ ಮನೆಯಲ್ಲಿರುವುದು ಒಬ್ಬಳೇ ಹೆಂಗಸು. ಅವಳ ಬಳಿ ಫೋನೂ ಇಲ್ಲ.

ಕಬ್ಬಿನ ಊರು

ಊರಿನ ಹೆಸರು ಬರೆಯುವುದಿಲ್ಲ. ಬರೆದರೆ ಮುಂದೆ ಹೇಳುವ ಮನೆಯವರ ಗುರುತು ಸಿಕ್ಕಿಬಿಡುತ್ತದೆ.

ಕಾರ್ಖಾನೆ ಕಬ್ಬು ಅರೆಯುವ ಕಾಲ. ಗಾಳಿ ತಿರುಗಿದಾಗ ಬರುವ ಮಡ್ಡಿಯ ವಾಸನೆ ಅಪ್ಪಟ ಮಂಡ್ಯದ್ದು. ಕಣ್ಣು ಮುಚ್ಚಿದರೆ ಹನಕೆರೆ ದಾಟಿ ಮಂಡ್ಯಕ್ಕೆ ಬಂದೆವು ಅನ್ನಿಸುತ್ತಿತ್ತು. ಕಣ್ಣು ಬಿಟ್ಟರೆ ಬೀದಿಯಲ್ಲಿ ಒಂದು ನರಪಿಳ್ಳೆಯಿಲ್ಲ. ಕಬ್ಬು ಕಡಿಯುವುದು ಯಂತ್ರ, ಸಾಗಿಸುವುದು ಪುಟಾಣಿ ರೈಲು. ಒಂದು ಜಲ್ಲೆ ಕಿತ್ತು ತಿನ್ನೋಣ ಎಂದರೆ ಗಿರೀಶ ಗಾಬರಿಯಾದ. ಇಲ್ಲಿ ಯಾರೂ ತಿನ್ನುವುದಿಲ್ಲ ಅತ್ತಿಗೆ, ನೋಡಿದವರು ಏನಂದಾರು ಎಂದ. ಎದುರಿಗೆ ಬರುವ ಕಾರಿನವರು ಗುರುತಿರಲಿ ಬಿಡಲಿ ಒಂದು ಬೆರಳೆತ್ತಿ ಹೋಗುತ್ತಾರೆ. ಅಂಗಡಿಯವಳು ಹೇಗಿದ್ದೀರಿ ಎಂದು ಕೇಳುತ್ತಾಳೆ. ಮೊದಲ ದಿನ ನಾನು ನಿದ್ದೆ ಬಂದಿಲ್ಲ, ಹೊಟ್ಟೆ ಸರಿಯಿಲ್ಲ ಎಂದು ಸುಮಳ ಕೈಲಿ ಇಂಗ್ಲಿಷಿನಲ್ಲಿ ಹೇಳಿಸಲು ಹೋದೆ. ಅದು ಕೇಳಿದ್ದಲ್ಲವಂತೆ, ಬರೀ ನಮಸ್ಕಾರದ ಬಾಬತ್ತಂತೆ.

ಇಲ್ಲೂ ಕಾಡುಹಂದಿ ಕಬ್ಬಿಗೆ ನುಗ್ಗುತ್ತವೆ. ಇಲ್ಲೂ ರೈತರಿಗೆ ಬಂದೂಕು ಇದೆ. ಗೋಡೆಗೆ ಜಡಿದ ಕಬ್ಬಿಣದ ಬೀರುವಿನಲ್ಲಿ ಬೀಗ ಹಾಕಿಡಬೇಕು ಅಷ್ಟೆ, ಎದುರು ಮನೆಯ ಫ್ರಾಂಕ್ ಹತ್ತಿರ ಮೂರಿವೆ ಎಂದ ಗಿರೀಶ. ನಾನು ಆ ಮನೆಯ ಕಡೆ ನೋಡುವುದನ್ನು ಬಿಡಲಾಗಲಿಲ್ಲ.

ಫ್ರಾಂಕನ ಹೆಂಡತಿ ಟೀನಾಗೆ ನನ್ನಷ್ಟೇ ವಯಸ್ಸು. ಪರಂಗಿಹಣ್ಣು ತಂದು, ನಾನು ಮಗುವಿಗೆ ಎಣ್ಣೆ ತಿಕ್ಕಿ ನೀರು ಹಾಕುವುದನ್ನು ಬೆರಗಿನಿಂದ ನೋಡುತ್ತ ಕೂರುತ್ತಿದ್ದಳು. ನಗುವಾಗ ಬಾಯಿಗೆ ಕೈ ಅಡ್ಡ. ನಾಲ್ಕು ಗಂಟೆ ಹತ್ತಿರವಾದರೆ ಮಾತು ಅರ್ಧಕ್ಕೆ ಬಿಟ್ಟು ಓಡುವಳು, ಫ್ರಾಂಕ್ ಬರುವ ಹೊತ್ತು. ನನ್ನ ಪೊಲೀಸ್ ಕಣ್ಣಿಗೆ ಅದು ಕಂಡಿತು. ಕಂಡು ಸುಮ್ಮನಿದ್ದೆ. ಪರದೇಶದವಳು ನಾನು, ನನಗೇಕೆ ಅನ್ನಿಸಿತು.

ದಿನಕ್ಕೆರಡು ಸಲ ನಂಜುಂಡನಿಗೆ ಫೋನು ಮಾಡಿ, ಆ ಹಳ್ಳಿಯ ಕಡೆ ಹೋಗಿ ಬಾ ಎಂದು ಕಾಡಿದೆ. ಅವನು ಹೋಗಿಯೂ ಬಂದ. "ಚೆನ್ನಾಗವ್ರೆ ಕಣಕ್ಕ. ಆಯಮ್ಮನೇ ಕಾಫಿ ಕೊಡ್ತು. ಮಾತಾಡ್ನಿಲ್ಲ ಅಷ್ಟೇಯ" ಎಂದ. ಅವಳು ಮಾತಾಡಲಿಲ್ಲ ಎಂಬುದೊಂದೇ ನನ್ನ ಕಿವಿಯಲ್ಲಿ ಉಳಿಯಿತು.

ಎದುರು ಮನೆ

ಮಗುವಿಗೆ ಹನ್ನೆರಡನೆಯ ದಿನ. ಮಧ್ಯಾಹ್ನ ಮೂರೂವರೆ, ಫ್ರಾಂಕ್ ಅವತ್ತು ಬೇಗ ಬಂದಿದ್ದ. ಎದುರು ಮನೆಯಲ್ಲಿ ಏನೋ ಒಡೆದ ಸದ್ದಾಯಿತು, ಗಂಡಸಿನ ಕೂಗು ಕೇಳಿತು. ಸ್ವಲ್ಪ ಹೊತ್ತಿಗೆ ಟೀನಾ ಬರಿಗಾಲಿನಲ್ಲಿ ರಸ್ತೆ ದಾಟಿ ಬಂದು, ನಮ್ಮ ಅಂಗಳದ ಬಟ್ಟೆ ಒಣಹಾಕುವ ತಂತಿ ಹಿಡಿದು ನಿಂತಳು. ಅಳಲಿಲ್ಲ. ತೊಟ್ಟಿಲ ಬಟ್ಟೆಯೊಂದನ್ನು ಮಡಿಸತೊಡಗಿದಳು.

ನಾನು ಓಡಿದೆ. ನನ್ನ ಬಾಯಿಗೆ ಬಂದದ್ದು, ಬಾ, ಕೂತ್ಕೋ, ನೀರು ಕುಡಿ. ನನ್ನ ಹಿಂದೆ ಬಾಣಂತಿ ಸುಮ ಬಂದು ಕೇಳಿದ್ದೇ ಬೇರೆ. "ಬಂದೂಕಿನ ಬೀರುವಿಗೆ ಬೀಗ ಹಾಕಿದೆಯಾ? ಬೀಗದ ಕೈ ಯಾರ ಹತ್ತಿರ ಇದೆ?"

ಅವನ ಹತ್ತಿರ ಎಂದಳು ಟೀನಾ.

ಸುಮ ಪೊಲೀಸರಿಗೆ ಫೋನು ಮಾಡುತ್ತಲೇ ನಮ್ಮನ್ನೆಲ್ಲ ಬಚ್ಚಲುಮನೆಗೆ ತಳ್ಳಿದಳು. ಮನೆಯೆಲ್ಲ ಹಲಗೆಯದು, ಅದೊಂದು ಕೋಣೆಗೆ ಮಾತ್ರ ಇಟ್ಟಿಗೆ ಗೋಡೆ. ಮೂವರು ಹೆಂಗಸರು, ಒಂದು ಹಸುಗೂಸು, ನೆಲದ ಮೇಲೆ. ಗಿರೀಶ ಕಾರ್ಖಾನೆಯಲ್ಲಿದ್ದ. ಅರ್ಧ ಗಂಟೆ ಕೂತೆವು. ಇಪ್ಪತ್ತಾರು ವರ್ಷದ ಸರ್ವೀಸಿನಲ್ಲಿ ನಾನು ಯಾವತ್ತೂ ಪೊಲೀಸರಿಗಾಗಿ ಕಾದವಳಲ್ಲ. ಕಾಯುವವರಿಗೆ ಅರ್ಧ ಗಂಟೆ ಎಂದರೆ ಎಷ್ಟು ಎಂದು ಅವತ್ತು ತಿಳಿಯಿತು. ಮಗು ನನ್ನ ಬೆರಳು ಚೀಪುತ್ತಿತ್ತು. ನನಗೆ ಟೀನಾಳ ಮುಖದಲ್ಲಿ ಚಿಕ್ಕತಾಯಮ್ಮನ ಮುಖ ಕಾಣುತ್ತಿತ್ತು. ಅವಳಿಗೆ ಓಡಿ ಬರಲು ಎದುರು ಮನೆಯೂ ಇಲ್ಲ. ಅವರದು ತೋಟದ ಒಂಟಿ ಮನೆ.

ಕಾರು ನಿಂತ ಸದ್ದಿಗೆ ಕಿಟಕಿಯಿಂದ ನೋಡಿದೆ. ಒಬ್ಬ ಗಂಡಸು, ಒಬ್ಬಳು ಹೆಂಗಸು, ಇಬ್ಬರೂ ಪೊಲೀಸರು. ಮನೆಯೊಳಗೆ ನುಗ್ಗಲಿಲ್ಲ. ದೂರ ನಿಂತು ಫ್ರಾಂಕನನ್ನು ಹೆಸರು ಹಿಡಿದು ಹೊರಗೆ ಕರೆದರು. ಬರಿಗೈಯಲ್ಲಿ ಬಂದ. ರಸ್ತೆಯಂಚಿನಲ್ಲಿ ಕೂರಿಸಿ ಮಾತಾಡಿಸುತ್ತಲೇ ಬೀಗದ ಕೈ ಇಸಿದುಕೊಂಡರು. ಆ ಹೆಂಗಸು ಒಳಗೆ ಹೋಗಿ ಮೂರು ಬಂದೂಕನ್ನೂ ಒಂದೊಂದಾಗಿ ತಂದಳು. ನಳಿಗೆಯ ಬಾಯಿ ನೆಲದ ಕಡೆ. ಪ್ರತಿಯೊಂದನ್ನೂ ತೆರೆದು, ಒಳಗೆ ಬೆರಳಾಡಿಸಿ, ಖಾಲಿ ಎಂದು ಜೊತೆಯವನಿಗೆ ತೋರಿಸಿ, ಚೀಟಿ ಕಟ್ಟಿದಳು. ಚೀಟಿ ಕಟ್ಟುವ ಗಂಟು ನಾನು ಹಾಕುವಂಥದ್ದೇ.

ಫ್ರಾಂಕನನ್ನು ಜೊತೆಯವನು ಕರೆದುಕೊಂಡು ಹೋದ ಮೇಲೆ ಆಕೆ ನಮ್ಮ ಅಡುಗೆಮನೆಗೆ ಬಂದಳು. ಹೆಸರು ಕೇಟ್. ಟೀನಾ ಅವಳ ಕೈ ಹಿಡಿದುಕೊಂಡು, ಬಂದೂಕು ವಾಪಸು ಕೊಟ್ಟುಬಿಡಿ, ನಾನೇ ತೆಗೆಸಿದೆ ಅಂತಾನೆ, ಆ ಆರೋಪ ನನಗೆ ಬೇಡ ಎಂದಳು. ಕೇಟ್ ಹೇಳಿದ್ದನ್ನು ಸುಮ ನನಗೆ ಕನ್ನಡದಲ್ಲಿ ಹೇಳಿದಳು. "ಬೇಕಾ ಬೇಡವಾ ಅಂತ ನಿನ್ನ ಕೇಳ್ತಾ ಇಲ್ಲ. ಇದು ನನ್ನ ತೀರ್ಮಾನ. ಕೆಳಗೆ ನನ್ನ ಸಹಿ ಇರುತ್ತೆ. ಅವನಿಗೂ ಹಾಗೇ ಹೇಳ್ತೀನಿ."

ಚಹಾ ಸೋಸುತ್ತಿದ್ದ ನಾನು ಪಾತ್ರೆ ಕೆಳಗಿಟ್ಟು, ಆ ಸಹಿಯ ಮಾತನ್ನು ಇನ್ನೊಂದು ಸಲ ಹೇಳು ಎಂದು ಸುಮಳನ್ನು ಕೇಳಿದೆ.

ಅವರನ್ನು ದೇವರು ಮಾಡುವುದು ಬೇಡ. ಕೇಟ್ ಹೋದ ಮೇಲೆ ಟೀನಾ ಹೇಳಿದಳು. ಇದಕ್ಕೂ ಮುಂಚೆ ಎರಡು ಸಲ ಪೊಲೀಸರು ಅವಳ ಮನೆಗೆ ಬಂದಿದ್ದರಂತೆ. ಎರಡು ಸಲವೂ ಯಾರೂ ಬೀರುವಿನ ಮಾತೆತ್ತಲಿಲ್ಲವಂತೆ. ಆದರೆ ಮೂರನೆಯ ಸಲಕ್ಕಾದರೂ ಒಬ್ಬಳು ಎತ್ತಿದಳು, ತನ್ನ ಹೆಸರು ಹಾಕಿದಳು. ನಾನು ಚಿಕ್ಕತಾಯಮ್ಮನಿಗೆ ಉಪಕಾರ ಮಾಡಿದೆ ಅಂದುಕೊಂಡಿದ್ದೆನಲ್ಲ, ಎರಡು ತಿಂಗಳು ನಾನು ಕಾಪಾಡಿದ್ದು ನನ್ನ ಸಹಿಯನ್ನು. ನಾಚಿಕೆಯಾಯಿತು. ಭಯವೂ ಆಯಿತು, ಈಗಾಗಲೇ ತಡವಾಗಿದ್ದರೆ ಎಂದು.

ಅಡುಗೆಮನೆಯ ಮೇಜು

ಸುಮಳಿಂದ ಬಿಳಿ ಹಾಳೆ ಇಸಿದುಕೊಂಡು ಕೂತೆ. ಮಗು ತೊಡೆಯ ಮೇಲೆ ಮಲಗಿತ್ತು. "ಮಾನ್ಯರೇ" ಎಂದು ಶುರು ಮಾಡಿ, ಆ ದಿನ ಬೆಂಚಿನ ಮೇಲೆ ಕೂತು ಅವಳು ಹೇಳಿದ ಮಾತನ್ನೆಲ್ಲ ಅವಳ ಬಾಯಲ್ಲಿ ಬಂದ ಹಾಗೇ ಬರೆದೆ. ಆಮೇಲೆ, ಯಾವುದೇ ಆದೇಶವಿಲ್ಲದೆ ಎರಡು ತಿಂಗಳು ಬಂದೂಕನ್ನು ತಡೆಹಿಡಿದವಳು ನಾನೇ, ವಾರಸುದಾರನಿಗೆ ಸುಳ್ಳು ಹೇಳಿದವಳು ನಾನೇ, ನಂಜುಂಡನದು ಏನೂ ತಪ್ಪಿಲ್ಲ ಎಂದು ಬರೆದೆ. ಆ ಹೆಂಗಸಿನ ಜೀವಕ್ಕೆ ಅಪಾಯವಿದೆ, ಬಂದೂಕನ್ನು ಕೂಡಲೇ ವಶಕ್ಕೆ ಪಡೆಯಬೇಕು ಎಂದು ಮುಗಿಸಿ ಸಹಿ ಹಾಕಿದೆ. ಫೋಟೋ ತೆಗೆದು ಸಾಹೇಬರ ಮೊಬೈಲಿಗೆ ಕಳಿಸಿದೆ.

ನಮ್ಮ ಸಾಹೇಬರು ಹೊಸಬರು, ಎಳೆಯರು. ಹತ್ತು ನಿಮಿಷಕ್ಕೆ ಅವರದೇ ಫೋನು.

"ಏನಮ್ಮ ಇದು? ಇದನ್ನ ಮೇಲಕ್ಕೆ ಕಳಿಸಿದ್ರೆ ನಿಮ್ಮ ಮೇಲೆ ಎನ್‌ಕ್ವೈರಿ ಆಗುತ್ತೆ, ಗೊತ್ತಾ? ರಿಟೈರ್‌ಮೆಂಟ್ ಹತ್ರ ಬಂದಿದೆ ನಿಮಗೆ. ಡಿಲೀಟ್ ಮಾಡಿ, ನಾನೂ ನೋಡಿಲ್ಲ ಅಂದ್ಕೊತೀನಿ. ಹುಡುಗರನ್ನ ಕಳ್ಸಿ ಒಂದ್ಸಲ ಎಚ್ಚರಿಕೆ ಹೇಳಿಸ್ತೀನಿ."

"ಎಚ್ಚರಿಕೆ ಹೇಳಿ ಬಂದ್ರೆ ಆಮೇಲೆ ಮನೇಲಿ ಉಳಿಯೋದು ಅವಳು, ಕೋವಿ, ಅವನು ಸಾರ್. ಡಿಲೀಟ್ ಮಾಡಲ್ಲ."

ಅವರ ಮನೆ ಎಲ್ಲಿ ಬರುತ್ತದೆ ಎಂದು ಕೇಳಿದರು. ಆಮೇಲೆ "ನಾನೇ ಹೋಗ್ತೀನಿ" ಎಂದು ಫೋನು ಇಟ್ಟರು.

ಆ ಸಂಜೆ ಅನ್ನಕ್ಕೆ ಎರಡು ಸಲ ಉಪ್ಪು ಹಾಕಿದೆ. ಬಾಣಂತಿ ಹಾಗೇ ಉಂಡಳು. ಮರುದಿನ ನಮ್ಮ ಮಧ್ಯಾಹ್ನ, ಊರಿನ ಬೆಳಗಿಗೆ, ನಂಜುಂಡನ ಫೋನು ಬಂತು.

"ತಂದೋ ಕಣಕ್ಕ. ಸಾಹೇಬ್ರು ಅವ್ನನ್ನ ಮಾತಾಡುಸ್ತಾ ಒಲದ್ ಕಡೀಕೆ ಕರ್ಕಂಡೋದ್ರು. ನಾ ಒಳೀಕ್ ಓದೆ. ಮಂಚದ್ ಕೆಳಗಿತ್ತು. ಒಳಗೆ ತೋಟಾ ಇತ್ತಕ್ಕ. ಮನೆ ಒಳಗೆ! ಅಂದಿ ಒಡಿಯೋನು ಮಂಚದ್ ಕೆಳಗೆ ಯಾಕ್ ಲೋಡ್ ಮಾಡಿ ಮಡಗ್ತಾನೆ? ನಾನೇ ಕರ್ದು ಕೊಟ್ನಲ್ಲಕ್ಕ, ಈ ಕೈಯಾರ ಕೊಟ್ನಲ್ಲ."

"ಆಯಮ್ಮ?"

"ಬಾಗ್ಲಲ್ಲಿ ನಿಂತಿತ್ತು. ನಾ ಕೋವಿ ತಗಂಡು ಆಚೆ ಬಂದಾಗ ದಾರಿ ಬುಡ್ತು."

ಬದುಕಿದ್ದಾಳೆ. ಅಷ್ಟು ಸಾಕೆನ್ನಿಸಿ ಮಗುವನ್ನು ಎದೆಗವುಚಿಕೊಂಡು ಅತ್ತೆ. ಸುಮ ಗಾಬರಿಯಾಗಿ ಓಡಿ ಬಂದಳು. ಆದರೆ ಆ ನೆಮ್ಮದಿ ಅರ್ಧ ದಿನವೂ ಇರಲಿಲ್ಲ. ಬಂದೂಕು ಹೋಯಿತು, ಗಂಡ ಅಲ್ಲೇ ಇದ್ದಾನೆ, ಮಚ್ಚು ಕುಡಗೋಲು ಯಾವ ಮನೆಯಲ್ಲಿಲ್ಲ? ಉಳಿದ ದಿನಗಳನ್ನು ಮಗುವಿನ ಬಟ್ಟೆ ಒಗೆಯುತ್ತ, ಫೋನು ನೋಡುತ್ತ ಕಳೆದೆ. ಸಮುದ್ರಕ್ಕೆ ಕರೆದುಕೊಂಡು ಹೋಗುತ್ತೇನೆಂದು ಗಿರೀಶ ಮೂರು ಸಲ ಕಾರು ಹೊರಗೆ ತೆಗೆದ. ಅಲ್ಲಿ ಸಿಗ್ನಲ್ ಸಿಗುತ್ತದಾ ಎಂದು ಮೂರು ಸಲವೂ ಕೇಳಿದೆ. ಸಿಗುವುದಿಲ್ಲ ಎಂದ. ಮೂರು ಸಲವೂ ಕಾರು ಒಳಗೆ ಹೋಯಿತು.

ಮಂಡ್ಯ

ಊರಿಗೆ ಬಂದ ನಾಲ್ಕನೆಯ ದಿನ ಮಂಡ್ಯದ ಕಚೇರಿಯೊಂದರಲ್ಲಿ ಲೈಸೆನ್ಸ್ ಕುರಿತ ವಿಚಾರಣೆ ಇತ್ತು. ನನ್ನನ್ನೂ ಕರೆದಿದ್ದರು. ಯೂನಿಫಾರ್ಮ್ ಹಾಕಿಕೊಂಡು ಹೋದೆ. ಕೆಂಪರಾಜು ಬಿಳಿ ಅಂಗಿ ತೊಟ್ಟು ಬಂದಿದ್ದ, ಒಳ್ಳೆಯ ಮಾತಿನ ಮನುಷ್ಯ. ಅವನ ಪಕ್ಕದಲ್ಲಿ ಚಿಕ್ಕತಾಯಮ್ಮ, ಸೆರಗು ಹೊದ್ದು ನಿಂತಿದ್ದಳು. ಇಳಿದುಹೋಗಿದ್ದಳು. ನನ್ನ ಕಡೆ ನೋಡಲಿಲ್ಲ.

ವಿಚಾರಣೆ ನಡೆಸಿದ ಅಧಿಕಾರಿ ನನ್ನ ವರದಿ ಓದಿ, ಕನ್ನಡಕ ತೆಗೆದು, ನೇರವಾಗಿ ಅವಳನ್ನೇ ಕೇಳಿದರು. "ನೋಡಮ್ಮ, ನೀನು ಠಾಣೆಗೆ ಹೋಗಿ ಹೀಗೆ ಹೇಳಿದ್ದು ನಿಜಾನಾ?"

ಗಂಡನಿಗೂ ಅವಳಿಗೂ ನಡುವೆ ಒಂದು ಗೇಣಿತ್ತು.

"ಇವ್ಳು ಠಾಣೆ ಮೆಟ್ಲೇ ಅತ್ತಿಲ್ಲ ಸ್ವಾಮಿ" ಎಂದ ಕೆಂಪರಾಜು, ನಗುತ್ತಲೇ. "ಯೋಳಮ್ಮಿ, ಸಾಹೇಬ್ರು ಕೇಳ್ತಾವ್ರಲ್ಲ, ಯೋಳು."

ಅವಳು ಬಾಯಿ ತೆರೆದಳು, ಮುಚ್ಚಿದಳು. ಕಾಲಿನ ಹೆಬ್ಬೆರಳು ನೆಲ ಒತ್ತುತ್ತಿತ್ತು. ಹೌದು ಅಂದರೆ ಇವತ್ತು ಸಂಜೆ ಅವನ ಬೈಕಿನ ಹಿಂದೆ ಕೂತು ಆ ಒಂಟಿ ಮನೆಗೇ ಹೋಗಬೇಕು. ಇಲ್ಲ ಅಂದರೆ ಕೋವಿಯೂ ಜೊತೆಗೆ ಹೋಗುತ್ತದೆ.

"ಸಾರ್," ಎಂದೆ. ದನಿ ನನಗೇ ಜೋರಾಗಿ ಕೇಳಿತು. "ಅವಳನ್ನ ಕೇಳಬೇಡಿ. ಬರೆದವಳು ನಾನು, ಸಹಿ ನನ್ನದು. ಮಂಚದ ಕೆಳಗೆ ತೋಟಾ ತುಂಬಿದ ಬಂದೂಕು ಸಿಕ್ಕಿದ್ದು ಪಂಚನಾಮೆಯಲ್ಲಿದೆ. ಇಷ್ಟರ ಮೇಲೆ ತೀರ್ಮಾನ ಮಾಡಿ. ಕೇಳೋದೇನಿದ್ದರೂ ನನ್ನನ್ನ ಕೇಳಿ."

"ಆದೇಶವಿಲ್ಲದೆ ಬಂದೂಕು ತಡೆಹಿಡಿದಿದ್ದನ್ನ ಒಪ್ಪಿಕೊಳ್ತೀರಾ?"

"ಒಪ್ಪಿಕೊಳ್ತೀನಿ ಸಾರ್."

ಅವರು ಅದನ್ನೂ ಬರೆದುಕೊಂಡರು. ವಿಚಾರಣೆ ಮುಗಿಯುವವರೆಗೆ ಬಂದೂಕು ಠಾಣೆಯಲ್ಲೇ ಇರಲಿ, ಲೈಸೆನ್ಸು ಅಮಾನತ್ತಿನಲ್ಲಿರಲಿ ಎಂದು ಎದ್ದರು. ಹೆಂಗಸಿಗೆ ರಕ್ಷಣೆ ಬೇಕಾದರೆ ಬೇರೆ ಕಡೆ ಅರ್ಜಿ ಕೊಡಲಿ ಎಂದರು. ನನ್ನ ಮೇಲಿನ ವಿಚಾರಣೆಯ ಕಾಗದ ಆಮೇಲೆ ಬರುತ್ತದಂತೆ.

ಹೊರಗೆ ಕೆಂಪರಾಜು ಬೈಕು ತಿರುಗಿಸಿ ನಿಲ್ಲಿಸಿದ. ನಗು ಮುಖದಿಂದ ಇಳಿದಿತ್ತು. "ಅತ್ತು" ಎಂದ.

ಚಿಕ್ಕತಾಯಮ್ಮ ಹತ್ತಲಿಲ್ಲ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ರಸ್ತೆಯ ಕಡೆ ನಡೆದಳು. ಅವನು ಹಾರನ್ ಹೊಡೆದ. ತಿರುಗಲಿಲ್ಲ. ನಾನು ಹಿಂದೆಯೇ ಓಡಿದೆ.

"ಎಲ್ಲಿಗಮ್ಮ?"

"ಆತಗೂರ್ಗೆ. ನಮ್ಮಣ್ಣನ ಮನೆ. ಮದ್ದೂರ್ ಬಸ್ಸು ಇಲ್ಲೇ ಅಲ್ವಾ ನಿಲ್ಲದು?" ಉಸಿರು ಮೇಲೆ ಕೆಳಗೆ ಆಗುತ್ತಿತ್ತು. "ಯೋಳಾಕೆ ಬಾಯೇ ಬರ್ನಿಲ್ಲ ಕಣವ್ವಾ. ನೀನಾದ್ರೂ ಯೋಳ್ದೆ."

ಮದ್ದೂರಿನ ಬಸ್ಸು ಬಂತು. ಕಂಬಿ ಹಿಡಿದು ಹತ್ತಿ, ಹೆಂಗಸರ ಸೀಟಿನಲ್ಲಿ ಕಿಟಕಿಗೆ ಕೂತಳು. ಕೆಂಪರಾಜು ಬೈಕನ್ನು ಬಸ್ಸಿನ ಹಿಂದಕ್ಕೆ ತಂದು, ಕಾಲೂರಿ, ಆಫ್ ಮಾಡದೆ ಕಾಯುತ್ತಿದ್ದ. ನಾನು ಎರಡು ಗಂಟೆಗೆ ಠಾಣೆಯಲ್ಲಿರಬೇಕಿತ್ತು. ಸಾಹೇಬರು ಕಾಯುತ್ತಿದ್ದರು, ರಜೆ ಆಗಲೇ ಮುಗಿದಿತ್ತು.

ಹತ್ತಿ ಅವಳ ಪಕ್ಕದಲ್ಲಿ ಕೂತೆ. ಅವಳು ಸರಿದು ಜಾಗ ಮಾಡಿದಳು. ಕಂಡಕ್ಟರ್ ಬಂದು ನನ್ನ ಯೂನಿಫಾರ್ಮನ್ನೂ, ಅವಳು ಎದೆಗೊತ್ತಿ ಹಿಡಿದಿದ್ದ ಆಧಾರ್ ಕಾರ್ಡನ್ನೂ, ಹಿಂದಿನ ಗಾಜಿನಲ್ಲಿ ಕಾಣುತ್ತಿದ್ದ ಬೈಕನ್ನೂ ನೋಡಿದ.

"ಎಲ್ಲಿಗೆ ಮೇಡಂ?"

"ಎರಡು ಮದ್ದೂರು" ಎಂದೆ.